ಅರವತ್ತು ದಿನದ ಜಾಗ

ನಾನು ಒಂದು ಹಾರ್ಡ್ ಡಿಸ್ಕ್. ಧೂಳಿನ ಕಣವೂ ಸುಳಿಯದ ಕೋಣೆಯಲ್ಲಿ ಹುಟ್ಟಿದೆ, ಹಡಗು ಹತ್ತಿ ಬಂದೆ, ಕೊನೆಗೆ ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರ ಸೇರಿದೆ. ಅಲ್ಲಿ ನೂರಾರು ಕಂಪ್ಯೂಟರ್‌ಗಳನ್ನು ಜೋಡಿಸಿ ಒಂದೇ ದೊಡ್ಡ ಯಂತ್ರದಂತೆ ದುಡಿಸುತ್ತಿದ್ದರು. ಅದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಲೆಕ್ಕ ಮಾಡುವ ಗತ್ತೆಲ್ಲ ಆ ಕಂಪ್ಯೂಟರ್‌ಗಳದು; ಬಂದದ್ದನ್ನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುವ ಪಾಡು ನಮ್ಮಂಥ ಡಿಸ್ಕ್‌ಗಳದು.

ನನ್ನನ್ನು ಕೂರಿಸಿದ್ದು ತಾತ್ಕಾಲಿಕ ಜಾಗದಲ್ಲಿ. ಅರವತ್ತು ದಿನ ಯಾರೂ ಮುಟ್ಟದ ಫೈಲು ತಾನಾಗಿ ಅಳಿಸಿಹೋಗಬೇಕೆಂಬುದು ಅಲ್ಲಿನ ನಿಯಮ. ನಿಯಮವೇನೋ ಚೆನ್ನಾಗಿಯೇ ಇತ್ತು, ಪಾಲಿಸುವವರು ಬೇಕಲ್ಲ? ಪ್ರತಿ ಸೋಮವಾರ ಬೆಳಗ್ಗೆ ಚಹಾ ಕುಡಿಯುತ್ತಲೇ ಫೈಲು ಇಟ್ಟವರೆಲ್ಲರೂ ಒಂದು ಕಮಾಂಡ್ ಕೊಡುತ್ತಿದ್ದರು. ಹಳೆಯ ಫೈಲುಗಳ ಮೇಲೆಲ್ಲ ಅಂದಿನ ತಾರೀಖು ಬೀಳುತ್ತಿತ್ತು. ಅಳಿಸಲು ಬಂದ ಪ್ರೋಗ್ರಾಂ ತಾರೀಖು ನೋಡಿ ಬಂದ ದಾರಿಗೆ ಸುಂಕವಿಲ್ಲವೆಂದು ಮರಳುತ್ತಿತ್ತು. ಎಂದೋ ಮುಗಿದ ಲೆಕ್ಕಗಳ ಕಸ, ಯಾರದೋ ಮಗಳ ಮದುವೆಯ ವಿಡಿಯೊ, ಎಲ್ಲವನ್ನೂ ಹೊತ್ತು ಹೊತ್ತು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಆಟಕ್ಕೆ ಇಳಿಯದವಳು ಶಾಂಭವಿ ಹೂಗಾರ ಒಬ್ಬಳೇ. ಅವಳು ಪಿಎಚ್.ಡಿ. ವಿದ್ಯಾರ್ಥಿನಿ, ಬಾವಿಗಳ ನೀರು ಯಾವ ತಾಲ್ಲೂಕಿನಲ್ಲಿ ಎಷ್ಟು ಇಳಿಯುತ್ತಿದೆ ಎಂದು ಲೆಕ್ಕ ಹಾಕುತ್ತಿದ್ದಳು. ಕ್ಲಸ್ಟರ್ ಹನ್ನೊಂದು ವಾರ ಓಡಿ ಕೊಟ್ಟ ಉತ್ತರ ನನ್ನಲ್ಲಿತ್ತು. ಅದನ್ನಿಡಲು ಶಾಶ್ವತ ಜಾಗ ಕೇಳಿ ಅರ್ಜಿ ಕೊಟ್ಟಿದ್ದಳು. ಅರ್ಜಿ ಸಹಿಗಾಗಿ ಟೇಬಲಿನಿಂದ ಟೇಬಲಿಗೆ ಅಲೆಯುತ್ತಿತ್ತು. ಅದು ಇತ್ಯರ್ಥವಾಗುವ ತನಕ ತನ್ನ ಫೈಲುಗಳನ್ನು ಅಳಿಸುವುದಿಲ್ಲವೆಂದು ಪಾಪ ನಂಬಿ, ಅವಳು ಅಧ್ಯಾಯ ಬರೆಯುತ್ತ ಕೂತಳು. ಮಹಾಪ್ರಬಂಧ ಸಲ್ಲಿಸಲು ಮೂರು ವಾರ ಉಳಿದಿದ್ದಾಗ ಅರವತ್ತು ದಿನ ತುಂಬಿತು. ಮದುವೆಯ ವಿಡಿಯೊ ಉಳಿಯಿತು, ಅವಳ ಫೈಲುಗಳು ಅಳಿದವು.

ಒಂದು ಮಾತು ಹೇಳಬೇಕು. ನಮ್ಮಲ್ಲಿ ಅಳಿಸುವುದೆಂದರೆ ಹೆಸರು ತೆಗೆಯುವುದಷ್ಟೇ. ಅದರ ಮೇಲೆ ಹೊಸದನ್ನು ಬರೆಯುವ ತನಕ ಒಳಗಿನ ಸರಕು ಹಾಗೆಯೇ ಇರುತ್ತದೆ. ಅವಳ ಹನ್ನೊಂದು ವಾರ ಇನ್ನೂ ನನ್ನ ಹತ್ತಿರವೇ ಇತ್ತು! ಬಾಯಿದ್ದರೆ ಕೂಗಿ ಹೇಳುತ್ತಿದ್ದೆ.

ಯಂತ್ರಗಳನ್ನು ನೋಡಿಕೊಳ್ಳುವ ಈರಪ್ಪ ಕಮ್ಮಾರರಿಗೆ ಇದು ಗೊತ್ತಿತ್ತು. ಶಾಂಭವಿ ಓಡಿ ಬಂದಾಗ ಅವರೇ ಅಂದರು: "ಹೆದರಬ್ಯಾಡ ತಂಗಿ. ಈಗಿಂದೀಗ ಎಲ್ಲಾರ ಕೆಲಸ ನಿಲ್ಲಿಸಿದ್ರ ನಿನ್ನ ಫೈಲು ವಾಪಸ್ ತಗೀಬಹುದು. ಆದ್ರ ಡೈರೆಕ್ಟರ್ ಸಾಹೇಬ್ರು ಹೂಂ ಅನ್ನಬೇಕು."

ಕೇಂದ್ರದ ಡೈರೆಕ್ಟರರ ಸ್ವಂತ ಲೆಕ್ಕವೇ ಆಗ ಕ್ಲಸ್ಟರ್‌ನಲ್ಲಿ ಓಡುತ್ತಿತ್ತು. "ನಂದು ಇನ್ನೂ ಎರಡು ದಿನ ಐತಿ, ನಡುವ ನಿಲ್ಲಸಾಕ ಆಗಂಗಿಲ್ಲ," ಎಂದರು. "ಅಷ್ಟಕ್ಕೂ ಎಲ್ಲಾರೂ ತಾರೀಖು ಬದಲಿ ಮಾಡ್ಕೋತಾರ. ನಿನಗೇನಾಗಿತ್ತು?"

"ಹಂಗ ಮಾಡಬ್ಯಾಡ್ರಿ ಅಂತ ನೋಟೀಸ್ ಹಾಕಿದವ್ರು ನೀವ ಅಲ್ರೀ ಸರ್?" ಎಂದಳು ಶಾಂಭವಿ.

ಆ ಎರಡು ದಿನ ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಡೈರೆಕ್ಟರರ ಅಂಕಿಗಳು ಒಂದೇ ಸಮನೆ ಬಂದು ಅವಳ ಬಾವಿಗಳ ಮೇಲೆ ಕೂತವು. ಒಂದೊಂದೇ ತಾಲ್ಲೂಕು ಮುಚ್ಚಿಹೋಯಿತು. ಬರೆಸಿಕೊಳ್ಳಲಾರೆ ಎನ್ನುವ ಅಧಿಕಾರ ನನಗೆಲ್ಲಿತ್ತು? ಮೂರನೆಯ ದಿನ ಈರಪ್ಪ ಹುಡುಕಿದಾಗ ಸಿಕ್ಕಿದ್ದು ಚೂರುಪಾರು ಮಾತ್ರ. ಹನ್ನೊಂದು ವಾರದ ಲೆಕ್ಕ ಮೂರು ವಾರದಲ್ಲಿ ಮತ್ತೆ ಆಗುವಂತಿರಲಿಲ್ಲ; ಶಾಂಭವಿಯ ನೋಂದಣಿ ಅವಧಿ ಮುಗಿಯಿತು. ಆರು ವರ್ಷ ದುಡಿದವಳು ಮತ್ತೆ ಮೊದಲಿನಿಂದ ಹೆಸರು ಹಚ್ಚಬೇಕಾಯಿತು.

ನನಗೂ ವಯಸ್ಸಾಯಿತು. ಈಗ ಉಗ್ರಾಣದ ಮೂಲೆಯಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ ಇದ್ದೇನೆ. ನಾಳೆ ನಮಗೆಲ್ಲ ಡ್ರಿಲ್‌ನಿಂದ ತೂತು ಕೊರೆದು ಗುಜರಿಗೆ ಕೊಡುತ್ತಾರಂತೆ. ಇಂದು ಈರಪ್ಪ ಡೈರೆಕ್ಟರರ ಆದೇಶವನ್ನು ಪೆಟ್ಟಿಗೆಗೆ ಅಂಟಿಸುತ್ತ ಗಟ್ಟಿಯಾಗಿ ಓದಿದರು: "ಅಳಿಸಿದ ನಂತರವೂ ಮಾಹಿತಿಯು ಡಿಸ್ಕ್‌ನಲ್ಲಿ ಉಳಿದಿರುವುದರಿಂದ ವಿಶೇಷ ಎಚ್ಚರಿಕೆ ವಹಿಸತಕ್ಕದ್ದು."

ಈ ಎಚ್ಚರಿಕೆಯನ್ನು ಆ ಹುಡುಗಿಗಾಗಿ ಎರಡೇ ಎರಡು ದಿನ ವಹಿಸಿದ್ದರೆ ಸಾಕಿತ್ತು.