ಮಾಳಿಗೆ ಮೇಲಿನ ಡಿಶ್

ಪ್ರೀತಿ ತಾನು ಮೆಚ್ಚಿದ ಹುಡುಗನನ್ನು ಮದುವೆಯಾಗಿ ಧಾರವಾಡದ ಕೃಷಿ ಕಾಲೇಜಿನಲ್ಲಿ ಕೆಲಸ ಹಿಡಿದು ಅಲ್ಲೇ ನೆಲೆಸಿದ ಮೇಲೆ ಸಾವಳಗಿಯ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಅಪ್ಪ ಶಂಕರೆಪ್ಪ ಹಾಗೆಂದು ಕಟ್ಟಪ್ಪಣೆ ಮಾಡಿದ್ದ. ಅವ್ವ ಭಾಗವ್ವ ಮಾತ್ರ ಆಗೀಗ ದ್ರಾಕ್ಷಿ ತೋಟದ ಮೂಲೆಯಲ್ಲಿ ನಿಂತು ಮಗಳೊಡನೆ ಫೋನಿನಲ್ಲಿ ಮಾತಾಡಿ, ಕಣ್ಣೊರೆಸಿಕೊಂಡು ಮನೆಗೆ ಬರುತ್ತಿದ್ದಳು.

ಅಂದು ಪ್ರೀತಿ ಹೇಳಿದಳು: "ಯವ್ವಾ, ಸಂಜಿಗಿ ನಾ ಚಂದನದಾಗ ಬರ್ತೀನಿ. ದ್ರಾಕ್ಷಿ ರೋಗದ ಬಗ್ಗೆ ರೈತರಿಗೆ ಹೇಳೂದೈತಿ. ತಪ್ಪಸದ ನೋಡ ಬೇ."

ಸಂಜೆ ಭಾಗವ್ವ ಟಿವಿ ಹಚ್ಚಿದರೆ ಸಿಗ್ನಲ್ಲೇ ಇಲ್ಲ. ಹಿಂದಿನ ವಾರದ ಗಾಳಿಗೆ ಮಾಳಿಗೆಯ ಮೇಲಿನ ಡಿಶ್ ತಿರುಗಿಹೋಗಿತ್ತು. ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಾಗ ಶಂಕರೆಪ್ಪ ತೋಟದಿಂದ ಬಂದ.

"ಮ್ಯಾಲ ಏನೈತಿ?"

ಅವಳಿಗೆ ಸುಳ್ಳು ಹೊಳೆಯಲಿಲ್ಲ. "ಪ್ರೀತಿ ಟಿವ್ಯಾಗ ಬರ್ತಾಳಂತರಿ."

ಅವನು ಬೈಯುತ್ತಾನೆಂದು ಕಾದಳು. ಶಂಕರೆಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತಲೆಗೆ ಸುತ್ತಿಕೊಂಡ. "ಬಿದ್ದಗಿದ್ದಿ. ಇಳಿ ಕೆಳಗ," ಎಂದು ತಾನೇ ಹತ್ತಿದ.

"ಬಂತೇನ?"

"ಇಲ್ರಿ."

"ಈಗ?"

"ಬಂತು! ಬಂತ್ರೀ! ಕೈ ಬಿಡಬ್ಯಾಡ್ರಿ!"

ಡಿಶ್ಶಿನ ಬೋಲ್ಟು ತುಕ್ಕು ಹಿಡಿದು ಮುರಿದಿತ್ತು. ಕೈ ತುಸು ಅಲುಗಿದರೂ ಮಗಳ ಮುಖ ಚೂರುಚೂರಾಗಿ ನಿಂತುಬಿಡುತ್ತಿತ್ತು. ಹಸಿರು ಸೀರೆಯುಟ್ಟಿದ್ದಳು, ಹೊಸದಾಗಿ ಕನ್ನಡಕ ಬಂದಿತ್ತು. ಭಾಗವ್ವ ಪರದೆಗೆ ಆತುಕೊಂಡಂತೆ ಕುಳಿತಳು.

"ದನಿ ಜೋರ ಮಾಡ," ಎಂದ ಶಂಕರೆಪ್ಪ ಬೆಳಕಿಂಡಿಯಿಂದ.

ಜೋರು ಮಾಡಿದಳು. ಪ್ರೀತಿ ಹೇಳುತ್ತಿದ್ದಳು: "ಮಳೆ ಬಿಟ್ಟ ಮರುದಿನ ಎಲೆ ತಿರುಗಿಸಿ ನೋಡಬೇಕು. ನಾನು ಚಿಕ್ಕವಳಿದ್ದಾಗ ನಮ್ಮ ತಂದೆ ಹೆಗಲ ಮೇಲೆ ಕೂರಿಸಿಕೊಂಡು, ಎಲೆಯ ಹಿಂದೆ ಬಿಳಿ ಬೂಷ್ಟು ಹೇಗಿರುತ್ತದೆಂದು ತೋರಿಸುತ್ತಿದ್ದರು."

ಭಾಗವ್ವ ಬೆಳಕಿಂಡಿಯತ್ತ ತಲೆಯೆತ್ತಿದಳು.

"ನೀವೂ ಒಂದೀಟ ಬಂದ ನೋಡ್ರಿ," ಎಂದು ಕೂಗಿದಳು.

"ನಾ ಬಂದ್ರ ಆಕಿ ಹೋಗ್ತಾಳ."

ಮತ್ತೆ ಮೇಲಿನಿಂದ ಅವನ ದನಿ ಬಂತು. "ಸೊರಗ್ಯಾಳೇನ?"

"ಇಲ್ರಿ. ಛಲೋ ಅದಾಳ. ನಿಮ್ಮಂಗ ಹುಬ್ಬ ಗಂಟ ಹಾಕ್ಕೊಂಡ ಮಾತಾಡಾಕತ್ತಾಳ."

ಕಾರ್ಯಕ್ರಮ ಮುಗಿದು ಜಾಹೀರಾತು ಶುರುವಾಯಿತು. "ಆತ್ರಿ, ಇಳೀರಿ," ಎಂದರೂ ಅವನು ಇಳಿಯಲಿಲ್ಲ. ಭಾಗವ್ವ ಮೇಲೆ ಹೋದಳು. ಶಂಕರೆಪ್ಪ ಎರಡೂ ಕೈಯಿಂದ ಡಿಶ್ ಹಿಡಿದುಕೊಂಡೇ ನಿಂತಿದ್ದ.

"ಮತ್ತ ಯಾವಾಗ ಬರ್ತಾಳಂತ?" ಎಂದು ಕೇಳಿದ.

"ಟಿವ್ಯಾಗೋ, ಮನಿಗೋ?"

ಅವನು ಮುಖ ತಿರುಗಿಸಿದ. "ಫೋನ್ ಹಚ್ಚಿ ನೀನ ಕೇಳ."

ಭಾಗವ್ವ ಅಲ್ಲೇ ಫೋನ್ ಹಚ್ಚಿದಳು.

"ಯವ್ವಾ, ನೋಡಿದೇನ?"

"ನಾ ನೋಡಿದ್ನಿ. ನಿಮ್ಮಪ್ಪ ಬರೇ ಕೇಳ್ಯಾನ," ಎಂದು ಫೋನನ್ನು ಗಂಡನ ಕಿವಿಗಿಟ್ಟಳು.

"ಅಪ್ಪಾ? ಅಪ್ಪಾ, ಅದೀಯೇನ?"

"ಹೂಂ," ಎಂದ ಶಂಕರೆಪ್ಪ. ಭಾಗವ್ವ ಫೋನನ್ನು ಅವನ ಕೈಗೆ ಕೊಟ್ಟು ಕೆಳಗಿಳಿದಳು.