ಎರಡು ಹೋಳಾದ ಮೇಜು

ಸಿಟ್ಟಿನ ಭರದಲ್ಲಿ ಅಣ್ಣತಮ್ಮಂದಿರು ಊಟದ ಮೇಜನ್ನು ಗರಗಸದಿಂದ ನಟ್ಟನಡುವೆ ಕೊಯ್ದು ಪಾಲು ಮಾಡಿಕೊಂಡಿದ್ದರು. ಎರಡೇ ಕಾಲಿನ ಮೇಜು ನಿಲ್ಲುವುದಾದರೂ ಹೇಗೆ? ಎರಡು ಮನೆಗಳಲ್ಲಿ ಎರಡು ಹೋಳುಗಳು ಗೋಡೆಗೆ ಒರಗಿಕೊಂಡವು. ಅಮ್ಮ ಮಾತ್ರ ಯಾರ ಮನೆಗೆ ಹೋದರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದಳು. ಅದನ್ನು ನೋಡಲಾಗದೆ ಇಬ್ಬರೂ ಹೋಳುಗಳನ್ನು ಹೊತ್ತು ಊರವರೆಲ್ಲ ಅಕ್ಕ ಎಂದು ಕರೆಯುವ ಬಡಗಿಯ ಬಳಿಗೆ ಬಂದರು.

ಅಕ್ಕ ಅವನ್ನು ಕೂಡಿಸಿದಳು. ಆದರೆ ಗರಗಸ ತಿಂದ ಮರ ತಿರುಗಿ ಬರುತ್ತದೆಯೇ? ನಡುವೆ ಒಂದು ಸೊಟ್ಟ ಸಂದು ಉಳಿಯಿತು.

"ಸಂದು ತುಂಬೋ ಅಂಗಡಿ ಪುಟ್ಟಿ ಇದಕ್ಕೆ ಒಪ್ಪಲ್ಲ. ಇದೇ ಮರದ ಪುಡಿ ಬೇಕು," ಎಂದು ಮೇಜನ್ನು ಬೋರಲು ಹಾಕಿ, ಇಬ್ಬರ ಕೈಗೂ ಸ್ಯಾಂಡ್‌ಪೇಪರ್ ಕೊಟ್ಟಳು. "ಹೂಂ, ಉಜ್ಜಿ."

"ಮೆಲ್ಲಗೆ ಉಜ್ಜೋಕೆ ಅವನಿಗೆ ಹೇಳಿ," ಎಂದ ಅಣ್ಣ.

"ಅವರ ಕೆಲಸ ಅವರು ನೋಡ್ಕೊಳ್ಳೋಕೆ ಹೇಳಿ."

ಅಕ್ಕ ಗೋಡೆಗೊರಗಿ ಕೂತಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಓರೆಯಾಗಿ ಇಳಿದಿತ್ತು. ಹೊಂಬಣ್ಣದ ಪುಡಿ ಆ ಬೆಳಕಿನಲ್ಲಿ ಎದ್ದು, ತೇಲಿ, ನೆಲಕ್ಕಿಳಿಯುವುದನ್ನೇ ಮರೆತಂತಿತ್ತು. ಸರಸರ ಸದ್ದಿಗೆ ಅವಳಿಗೆ ಜೊಂಪು ಹತ್ತಿತು. ಮೇಜು ದೋಣಿಯಾಗಿ, ಇಬ್ಬರೂ ಎದುರುಬದುರು ಕೂತು ಹುಟ್ಟು ಹಾಕುತ್ತಿರುವ ಹಾಗೆ ಕಂಡಿತು. ಎಲ್ಲೋ ದೂರದಿಂದ ಮಾತು ಕೇಳಿಸಿತು.

"ಇಲ್ಲಿ ಚೂಯಿಂಗ್ ಗಮ್ ಅಂಟಿಸಿದ್ದು ನೀನಲ್ವೇನೋ?"

"ನಾನಲ್ಲ ಅಣ್ಣ, ನೀನೇ. ಏಟು ಬಿದ್ದಿದ್ದು ನನಗೆ!"

ಕಣ್ಣು ಬಿಟ್ಟರೆ ಇಬ್ಬರ ಹುಬ್ಬೂ ಪುಡಿಯಿಂದ ನರೆತು, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಅಕ್ಕ ಕೆಳಗೆ ಹಾಸಿದ್ದ ಕಾಗದದ ಮೇಲೆ ಬಿದ್ದ ಪುಡಿಯನ್ನು ಬಟ್ಟೆಯಲ್ಲಿ ಸೋಸಿ, ಅಂಟನ್ನು ಹನಿಹನಿಯಾಗಿ ಬಿಟ್ಟು, ಬೆರಳಿಗೆ ಹತ್ತದಷ್ಟು ಗಟ್ಟಿಯಾಗಿ ಕಲಸಿದಳು. ಒಣಗಿದರೆ ಕುಗ್ಗುತ್ತದೆಂದು ಸಂದಿನಲ್ಲಿ ಉಬ್ಬುವಷ್ಟು ತುಂಬಿದಳು. ಮರುದಿನ ಅದನ್ನು ಉಜ್ಜಿ ಸಮ ಮಾಡಿದಾಗ ಮರಕ್ಕಿಂತ ತುಸು ಕಪ್ಪಾದ ಒಂದು ಗೆರೆಯಷ್ಟೇ ಉಳಿದಿತ್ತು.

ಅಮ್ಮ ಬಂದಳು. ಮೇಜಿನ ಉದ್ದಕ್ಕೂ ಅಂಗೈ ಆಡಿಸಿದಳು. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು.

"ಅಲ್ಲಾಡುತ್ತಲ್ಲೋ ಇದು!"

ಕಾಲಿನಡಿ ಕಾಗದ ತುರುಕಲು ಇಬ್ಬರೂ ಒಟ್ಟಿಗೇ ಬಗ್ಗಿದರು. ತಲೆಗೆ ತಲೆ ಢೀ ಎಂದು ಬಡಿಯಿತು.