ಸಹಿ ಬೇಡವಾದ ದಿನ

ಇನ್ನು ಯಾರ ಅಪ್ಪಣೆಯೂ ಬೇಡ, ಎಂದುಕೊಳ್ಳುತ್ತ ವೆರ್ನಾ ಲೈಕರ್ ಕುರ್ಚಿ ಹತ್ತಿ ಬಾಗಿಲ ಮೇಲಿನ ಫಲಕ ಬಿಚ್ಚುತ್ತಿದ್ದಳು. ಅದರಲ್ಲಿದ್ದದ್ದು ಡಾಕ್ಟರ್ ಪ್ರೂಯಿಟ್ ಹೆಸರು. ಕೊನೆಯ ತಿರುಪು ತುಕ್ಕು ಹಿಡಿದು ಕೂತಿತ್ತು.

"ಒದ್ದು ತೆಗೀಯೇ," ಎಂದಳು ಬರ್ನೀಸ್. ಕ್ಲಿನಿಕ್ಕಿನಲ್ಲಿ ಫೋನೆತ್ತುವವಳು ಅವಳು. "ಬೀರಾಕ್ ಬನ್ನು ಸುಟ್ಕೊಂಡು ತಂದಿದೀನಿ. ಒಳಗೆ ಮಾಂಸಕ್ಕಿಂತ ಎಲೆಕೋಸು ಸ್ವಲ್ಪ ಜಾಸ್ತಿ ಬಿತ್ತು. ಇವತ್ತಿಂದ ನಿನ್ ತಲೆ ಮೇಲೆ ಯಾರೂ ಇಲ್ಲ, ಮಹಾರಾಣಿ."

"ನೀನಿದೀಯಲ್ಲ."

"ನನ್ನ ಇಳಿಸೋಕೆ ಯಾವ ಕಾನೂನು ಬರಬೇಕೋ!"

ವೆರ್ನಾ ನರ್ಸ್ ಪ್ರಾಕ್ಟಿಷನರ್. ರೋಗ ಗುರುತಿಸಿ ಮದ್ದು ಬರೆಯುವಷ್ಟು ಓದಿದ ನರ್ಸ್. ಆದರೂ ಹೊಸ ಕಾನೂನು ಬರುವ ತನಕ, ಅಂದರೆ ನಿನ್ನೆಯವರೆಗೆ, ಈ ರಾಜ್ಯದಲ್ಲಿ ಅವಳ ಮೇಲೊಬ್ಬ ಡಾಕ್ಟರ್ ಇರಲೇಬೇಕಿತ್ತು, ಕಾಗದದ ಮೇಲಾದರೂ ಸರಿ. ಪ್ರೂಯಿಟ್ ಮೂರು ಗಂಟೆಯ ದಾರಿಯಾಚೆ ನಗರದಲ್ಲಿದ್ದರು. ಕ್ಲಿನಿಕ್ಕಿನ ಬಾಗಿಲು ಯಾವ ದಿಕ್ಕಿಗಿದೆ ಎಂದೂ ಅವರಿಗೆ ತಿಳಿಯದು. ತಿಂಗಳಿಗೊಮ್ಮೆ ಅವಳು ಕಳಿಸಿದ್ದಕ್ಕೆಲ್ಲ ಕಣ್ಣು ಮುಚ್ಚಿ ಸಹಿ ಹಾಕಿ ಶುಲ್ಕ ತೆಗೆದುಕೊಳ್ಳುತ್ತಿದ್ದರು. ಬೇಡ ಎಂದು ಒಂದು ಸಲವೂ ಅಂದವರಲ್ಲ.

ಇದು ಊರಿಗೆ ಗೊತ್ತಿರಲಿಲ್ಲ. ಇಲ್ಲ ಎನ್ನಬೇಕಾದಾಗಲೆಲ್ಲ ವೆರ್ನಾ, "ಡಾಕ್ಟರನ್ನ ಕೇಳಿ ಬರ್ತೀನಿ" ಎಂದು ಹಿಂದಿನ ಕೋಣೆಗೆ ಹೋಗಿ, ಕಿಟಕಿಯ ಹತ್ತಿರ ಸುಮ್ಮನೆ ನಿಂತು, ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದಳು. ಒಳ್ಳೆಯ ಮಾತೆಲ್ಲ ಅವಳದು, ಕೆಟ್ಟದ್ದೆಲ್ಲ ಪ್ರೂಯಿಟ್‌ರದು. ಮುಖ ಕಾಣದ ಮನುಷ್ಯನನ್ನು ಬೈಯಲು ಯಾರಿಗೂ ಕಷ್ಟವಾಗಲಿಲ್ಲ.

ಬೆಳಿಗ್ಗೆಯೆಲ್ಲ ಹಗುರಾಗಿತ್ತು. ಮಗುವೊಂದರ ಕಿವಿ ನೋಡಿದಳು. ಸಹಿಗಾಗಿ ವಾರಗಟ್ಟಲೆ ಕಾಯುತ್ತಿದ್ದ ಗಾಲಿಕುರ್ಚಿಯನ್ನು ಮುದುಕಿಯೊಬ್ಬಳಿಗೆ ನಿಂತ ನಿಲುವಿನಲ್ಲೇ ಬರೆದುಕೊಟ್ಟಳು. ಅಬ್ಬಾ, ಇಷ್ಟೇನಾ, ಎನಿಸಿತು. ಇಷ್ಟಕ್ಕೆ ಇಷ್ಟು ವರ್ಷ ಬೇಕಾಯಿತೇ?

ಸಂಜೆ ಕೊನೆಗೆ ಬಂದವನು ಲಾಯ್ಡ್ ಷುಮಾಕರ್. ಅವಳ ಜೊತೆ ಓದಿದವನು, ಚಳಿಗಾಲದಲ್ಲಿ ಕೇಳದೆಯೇ ಬಂದು ಅವಳ ಅಂಗಳದ ಹಿಮ ಬಳಿದುಕೊಡುವವನು.

"ಮೇಡಂ ಅನ್ಬೇಕೇನೇ ಇನ್ಮೇಲೆ?"

"ಬೆನ್ನು ಹೇಗಿದೆ?"

"ಬೆನ್ನು ಬೆನ್ನಿನ ಹಾಗಿದೆ. ಆ ನೋವಿನ ಮಾತ್ರೆ ಡಬಲ್ ಮಾಡ್ಬಿಡು. ಆ ಡಾಕ್ಟರ್ ಮುದುಕನ ಕಾಟ ತಪ್ತಲ್ಲ."

ಅವನ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. ಬೆನ್ನುನೋವು ಹೋಗಿ ಎಷ್ಟೋ ಕಾಲವಾಗಿ, ಮಾತ್ರೆ ಮಾತ್ರ ಉಳಿದಿದೆ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಬಿಡಿಸುವ ಮದ್ದೂ ಗೊತ್ತಿತ್ತು. ಇವತ್ತು ಅದನ್ನು ತಾನೇ ಬರೆಯಬಹುದಿತ್ತು. ಅದಕ್ಕೆ ಮೊದಲು ಒಂದು ಮಾತು ಹೇಳಬೇಕು, ಅಷ್ಟೇ. ನಿನಗೆ ಚಟ ಹತ್ತಿದೆ, ಲಾಯ್ಡ್. ನಾನು ಬಿಡಿಸುತ್ತೇನೆ.

"ಲಾಯ್ಡ್," ಎಂದಳು.

"ಹೇಳು ಮಾರಾಯ್ತಿ."

ಅವನು ನಗುತ್ತಿದ್ದ. ಆ ನಗು ತನ್ನ ಕಣ್ಣೆದುರೇ ಆರುವುದನ್ನು ನೋಡಬೇಕಲ್ಲ. "ಒಂದ್ನಿಮಿಷ," ಎಂದು ಹಿಂದಿನ ಕೋಣೆಗೆ ಹೋದಳು. ಕಿಟಕಿಯ ಹತ್ತಿರ ನಿಂತಳು. ಕಾಲು ತಾನಾಗಿಯೇ ಅಲ್ಲಿಗೆ ಬಂದಿತ್ತು.

"ಕಾನೂನು ಪೂರ್ತಿ ಬಂದಿಲ್ಲ ಕಣೋ," ಎಂದಳು ವಾಪಸು ಬಂದು. "ಈ ಥರ ಮಾತ್ರೆಗೆ ಇನ್ನೂ ಪ್ರೂಯಿಟ್ ಸಹಿನೇ ಬೇಕಂತೆ. ಕೇಳ್ದೆ. ಒಪ್ಪಲಿಲ್ಲ."

"ಅವನ ಮನೆ ಹಾಳಾಗ!"

ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬೆಳಗಿನಿಂದ ಕಾದಿದ್ದ ಬಿಡುಗಡೆ ಈಗಲೇ ಬಂತೇನೋ ಅನ್ನಿಸುವಷ್ಟು ನಿರಾಳ.

ಲಾಯ್ಡ್ ಅವಳ ಭುಜ ತಟ್ಟಿದ. "ನಿನ್ ತಪ್ಪಲ್ಲ ಬಿಡು. ನಿನ್ ಕೈಲಿದ್ದಿದ್ರೆ ಕೊಡ್ತಿದ್ದೆ, ನಂಗೊತ್ತಿಲ್ವಾ? ಹೈವೇ ಬಂಕ್ ಹತ್ರ ಒಬ್ಬ ಇದಾನೆ, ಏನೋ ಮಾತ್ರೆ ಕೊಡ್ತಾನಂತೆ. ಅವನಿಗೆ ಸಹಿಗಿಹಿ ಬೇಡ."

ಅಂಥ ಮಾತ್ರೆ ನುಂಗಿ ಪಕ್ಕದ ಕೌಂಟಿಯಲ್ಲಿ ಇಬ್ಬರು ಸತ್ತಿದ್ದರು. ಒಬ್ಬಳ ಗೋರಿಗೆ ವೆರ್ನಾ ಹೂವಿಟ್ಟು ಬಂದಿದ್ದಳು.

"ಹುಷಾರಾಗಿ ಓಡಿಸು," ಎಂದಳು. "ಗಾಳಿ ಜೋರಾಗಿದೆ."

ಬರ್ನೀಸ್ ಕೋಟು ತೊಡುತ್ತ ಕೇಳಿದಳು, "ಏನಂತೆ ಅವನಿಗೆ?"

"ಏನಿಲ್ಲ. ಬೆನ್ನು."

ಬೀರಾಕ್ ಒಂದು ತುತ್ತು ಒಳಗೆ ಹೋಯಿತು, ಎರಡನೆಯದು ಹೋಗಲಿಲ್ಲ. ವೆರ್ನಾ ಬಾಗಿಲು ಹಾಕಿ ಕಾರು ಹತ್ತಿದಳು. ಮನೆ ಎಡಕ್ಕೆ. ಕಾರು ಬಲಕ್ಕೆ, ಹೈವೇ ಕಡೆ ತಿರುಗಿತು. ಏನು ಹೇಳುವುದು? ಪ್ರೂಯಿಟ್ ಒಪ್ಪಿದರು ಎನ್ನಲೇ? ಇಲ್ಲ, ಬೇಡ ಅಂದದ್ದು ನಾನೇ, ನಾನೇ ಎನ್ನಬೇಕು. ಗಟ್ಟಿಯಾಗಿ ಹೇಳಿ ನೋಡಿದಳು. ಕಾರಿನೊಳಗೆ ಅದು ಬೇರೆ ಯಾರದೋ ದನಿಯಂತೆ ಕೇಳಿಸಿತು.

ದನಗಳ ಬಯಲು ಮುಗಿಯುವಲ್ಲಿ, ಅವು ಹೈವೇಗೆ ಬರದಂತೆ, ಮೊದಲು ರಸ್ತೆಗೆ ಅಡ್ಡಲಾಗಿ ಹಳ್ಳ ತೋಡಿ, ಗೊರಸು ಸಿಕ್ಕಿಕೊಳ್ಳುವಂಥ ಕಬ್ಬಿಣದ ಸರಳು ಹಾಸಿದ್ದರು. ಸರಳು ಸವೆದ ಮೇಲೆ ಕಿತ್ತುಹಾಕಿ, ಹಳ್ಳ ಮುಚ್ಚಿ, ಟಾರಿನ ಮೇಲೆ ಬಿಳಿ ಬಣ್ಣದಲ್ಲಿ ಬರೀ ಗೆರೆ ಎಳೆದಿದ್ದರು. ಅಷ್ಟೇ ಸಾಕಾಗಿತ್ತು. ಗೆರೆಯನ್ನೇ ಸರಳೆಂದು ನಂಬಿ ಇದುವರೆಗೆ ಒಂದು ದನವೂ ದಾಟಿರಲಿಲ್ಲ.

ಗೆರೆಗಳ ಈಚೆ ವೆರ್ನಾಳ ಕಾಲು ಬ್ರೇಕಿನ ಮೇಲೆ ಬಿತ್ತು. ಪಕ್ಕದಲ್ಲಿ ಕೆಂದ ಹಸುವೊಂದು ನಿಂತಿತ್ತು. ಆಚೆ, ಬಂಕಿನ ದೀಪಗಳ ಕೆಳಗೆ, ಲಾಯ್ಡ್‌ನ ಟ್ರಕ್ಕಿನ ಬಾಗಿಲು ತೆರೆಯಿತು.

ಹಸು ಕತ್ತು ಚಾಚಿ ಬಣ್ಣವನ್ನು ಮೂಸಿತು. ಎತ್ತಿದ ಗೊರಸನ್ನು ಮೆಲ್ಲಗೆ ಹಿಂದಕ್ಕೆ ಇಟ್ಟಿತು.